ಗೂಗಿಗುಡ್ಡಕ್ಕೆ ದೇವಿಯನ್ನು ಕರೆತಂದ ಉಚ್ಚಂಗೆಮ್ಮ

ಮಲಪನಗುಡಿಯ ಉಚ್ಚಂಗೆಮ್ಮನನ್ನು ಕೆಣಕಿ ಸುಖವಾಗಿ ಇದ್ದವರಿಲ್ಲ. ಹೊಸಪೇಟೆ ಮಾರ್ಕೆಟ್ಟಿನಲ್ಲಿ ಒಬ್ಬ ದಲ್ಲಾಳಿ ಅವಳ ಸೀತಾಫಲದ ಬುಟ್ಟಿಯನ್ನು ಕಾಲಿನಿಂದ ಸರಿಸಿದ್ದ. ಅವನ ಮಗಳ ಮದುವೆಗೆ ಇವಳು ಕರೆಯದಿದ್ದರೂ ಹೋದಳು, ಪಂಕ್ತಿಯಲ್ಲಿ ಕೂತಳು, ಎಲೆ ತುಂಬ ಬಡಿಸಿಕೊಂಡು ಒಂದು ತುತ್ತೂ ಮುಟ್ಟದೆ ಎದ್ದು ಬಂದಳು. ಉಣ್ಣದೆ ಬಿಟ್ಟ ಎಲೆ ಮದುವೆಮನೆಗೆ ಎಂಥ ಅವಮಾನ! ಹಾವಿನ ದ್ವೇಷ ಹನ್ನೆರಡು ವರುಷ ಅನ್ನುತ್ತಾರೆ. ಅನ್ನುವವರು ಉಚ್ಚಂಗೆಮ್ಮನನ್ನು ನೋಡಿಲ್ಲ ಬಿಡಿ.

ಗಂಡ ಸತ್ತ ಮೇಲೆ ಅವಳ ಅನ್ನ ಇದ್ದದ್ದು ಊರಾಚೆಯ ಗೂಗಿಗುಡ್ಡದ ಮೇಲೆ. ಬಂಡೆಗಳ ಸಂದಿನಲ್ಲಿ ಸೀತಾಫಲ, ಕವಳಿಹಣ್ಣು ಬಿಡಿಸುವುದು, ಹೊಸಪೇಟೆಗೆ ಒಯ್ದು ಮಾರುವುದು. ಆ ಬಂಡೆಗಳಲ್ಲೇ ಆ ಹಕ್ಕಿಯೂ ಇತ್ತು. ಬೂದು ಮೈ, ತಲೆಗೂ ಕೊರಳಿಗೂ ಅರಿಶಿಣದ ಬಣ್ಣ. ಪುಸ್ತಕದವರು ಹಳದಿ ಕೊರಳಿನ ಪಿಕಳಾರ ಅನ್ನುತ್ತಾರೆ. ದಕ್ಷಿಣದ ಕಲ್ಲುಗುಡ್ಡಗಳನ್ನು ಬಿಟ್ಟರೆ ಜಗತ್ತಿನಲ್ಲಿ ಇನ್ನೆಲ್ಲೂ ಇಲ್ಲವಂತೆ. ಸುತ್ತ ಕಬ್ಬು, ಬಾಳೆ, ಕಂಪ್ಲಿಯವರೆಗೂ ಭತ್ತ. ನಡುವೆ ನಡುಗಡ್ಡೆಯ ಹಾಗೆ ಈ ಗುಡ್ಡ. ಹಕ್ಕಿ ಗುಡ್ಡ ಇಳಿದು ಗದ್ದೆಗೆ ಬಂದದ್ದನ್ನು ಯಾರೂ ಕಂಡಿಲ್ಲ. ಉಚ್ಚಂಗೆಮ್ಮ ಅದನ್ನು ಅರಿಶಿಣವ್ವ ಎಂದು ಕರೆಯುತ್ತಿದ್ದಳು. ದಿನಾ ಬುಟ್ಟಿ ಇಳಿಸಿದವಳೇ ಮೊದಲು ಅದರ ಜೊತೆ ಜಗಳಕ್ಕೆ ಬೀಳುತ್ತಿದ್ದಳು: "ಕವಳಿಹಣ್ಣೆಲ್ಲ ನೀನಾ ತಿಂದ್ರ ನಾ ಏನ್ ಮಾರಬೇಕಬೇ?"

ಪಂಪೇಶ್ ಅವಳ ತಮ್ಮನ ಮಗ. ತಾಯಿಯಿಲ್ಲದ ಆ ಕೂಸನ್ನು ಕಂಕುಳಲ್ಲಿ ಎತ್ತಿಕೊಂಡು ಗುಡ್ಡ ಹತ್ತಿಸಿದವಳು, ಹಕ್ಕಿ ಕೂರುವ ಜಾಗ ತೋರಿಸಿದವಳು ಇವಳೇ. ದೊಡ್ಡವನಾಗಿ ಅವನು ಹಂಪಿಗೆ ಬರುವ ಕ್ಯಾಮೆರಾದವರಿಗೆ ಗೈಡ್ ಆದ. ತೋಳಿನುದ್ದದ ಲೆನ್ಸು ಹೊತ್ತವರನ್ನು ಜೀಪಿನಲ್ಲಿ ತಂದು ಅರಿಶಿಣವ್ವನನ್ನು ತೋರಿಸುತ್ತಿದ್ದ. ಅಲ್ಲಿಯವರೆಗೆ ಸರಿಯೇ. ಒಂದು ಬೇಸಿಗೆಯಲ್ಲಿ, ಗೂಡು ಸರಿಯಾಗಿ ಕಾಣುವುದಿಲ್ಲವೆಂದು ಅದರ ಮೇಲಿನ ಕವಳಿ ಟೊಂಗೆಗಳನ್ನೆಲ್ಲ ಸವರಿಬಿಟ್ಟ. ಬಳ್ಳಾರಿ ಸೀಮೆಯ ಬಿಸಿಲು ಕೇಳಬೇಕೆ! ಉಚ್ಚಂಗೆಮ್ಮ ಹೋಗುವಷ್ಟರಲ್ಲಿ ಎರಡು ಮರಿಗಳೂ ಬಾಯಿ ತೆರೆದುಕೊಂಡೇ ಸತ್ತಿದ್ದವು. ಇರುವೆ ಹತ್ತಿತ್ತು.

"ನಿನ್ನ ಬಾಯಾಗ ಮಣ್ಣು ಹಾಕ್ಲಿ, ಮರಿ ಕೊಂದೆಲ್ಲೋ!"

"ಅಯ್ಯ ಅತ್ತಿ, ಮತ್ತ ತತ್ತಿ ಇಡ್ತಾವ ಬಿಡು. ಫೋಟೋ ನೋಡಿಲ್ಲಿ, ಎಷ್ಟು ಮಸ್ತ್ ಬಂದಾವ."

ಅವನು ನಗುತ್ತ ಫೋನು ಮುಂದೆ ಹಿಡಿದ. ನಗದೇ ಇದ್ದಿದ್ದರೆ ಬರೀ ಬೈಗುಳದಲ್ಲಿ ಮುಗಿಯುತ್ತಿತ್ತೇನೋ. ಅವಳು ಸತ್ತ ಮರಿಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು, "ನಿನ್ನ ಕಾಲು ಈ ಗುಡ್ಡ ಹತ್ತದಂಗ ಮಾಡಲಿಲ್ಲಂದ್ರ ನಾ ನಮ್ಮಪ್ಪನ ಮಗಳಲ್ಲ" ಅಂದಳು.

ಗುಡ್ಡವೇನು ಅವಳ ಹೆಸರಿಗಿತ್ತೆ, ತಡೆಯಲಿಕ್ಕೆ? ಊರ ಹಿರಿಯ ತಾಯಪ್ಪನ ಹತ್ತಿರ ದೂರು ಒಯ್ದರೆ, "ಹಕ್ಕಿ ಮರಿ ಸತ್ರ ಪಂಚಾಯ್ತಿ ಸೇರಸ್ತಾರೇನವ್ವ?" ಎಂದು ಅವನೂ ನಕ್ಕ. ಮನುಷ್ಯರ ಮಾತು ನಡೆಯದ ಕಡೆ ಯಾರ ಮಾತು ನಡೆಯುತ್ತದೆ ಎಂದು ಈ ಸೀಮೆಯ ಹೆಂಗಸರಿಗೆ ಹೇಳಿಕೊಡಬೇಕಾಗಿಲ್ಲ. ಮುಂದಿನ ಮಂಗಳವಾರ ಅವಳು ಗುಡ್ಡದ ದೊಡ್ಡ ಬಂಡೆಗೆ ಅರಿಶಿಣದ ಭಂಡಾರ ಬಳಿದು, ಕುಂಕುಮ ಇಟ್ಟು, ಬೇವಿನ ಸೊಪ್ಪು ಕಟ್ಟಿದಳು. ದೇವಿಯ ಕನಸು ಬಿದ್ದಿದೆ ಎಂದು ಓಣಿಯವರನ್ನೆಲ್ಲ, ತಾಯಪ್ಪನನ್ನೂ ಸೇರಿಸಿ, ಕರೆದೊಯ್ದಳು. ಪಂಪೇಶ್ ಬೂಟು ಹಾಕಿದ ಅತಿಥಿಗಳೊಂದಿಗೆ ಮೇಲೆ ಬರುವುದಕ್ಕೂ ಇವಳು ತಲೆಗೂದಲು ಬಿಚ್ಚಿ ಹೂಂಕರಿಸುವುದಕ್ಕೂ ಸರಿಹೋಯಿತು.

"ಯಾವನಲೇ ಅಂವ, ನನ್ನ ಎದಿ ಮ್ಯಾಲೆ ಮೆಟ್ಟು ಹಾಕ್ಕೊಂಡು ಅಡ್ಡಾಡಾಂವ! ರಕ್ತ ಕಾರಸ್ತೀನಿ!"

ಮೈಮೇಲೆ ಬಂದದ್ದು ದೇವಿಯಲ್ಲ, ಹೊಟ್ಟೆಯೊಳಗಿನ ಸಿಟ್ಟು. ನೋಡಿದವರಿಗೆ ಅದೆಲ್ಲಿ ತಿಳಿಯಬೇಕು? ಜನ ಅತಿಥಿಗಳನ್ನು ಓಡಿಸಿದರು. ಪಂಪೇಶನ ಬಾಯಿಗೆ ಬೇವು ತುರುಕಿ ಬಂಡೆಯ ಸುತ್ತ ಉರುಳಿಸಿದರು. ಅವನ ಮೊಣಕೈ ತರಚಿ ರಕ್ತ ಬಂತು. ಕೂದಲ ಸಂದಿನಿಂದ ಅದನ್ನು ನೋಡಿ ಉಚ್ಚಂಗೆಮ್ಮನ ಎದೆ ತಣ್ಣಗಾಯಿತು. ಅವತ್ತು ಮನೆಗೆ ಹೋಗಿ ಹೋಳಿಗೆ ಮಾಡಿಕೊಂಡು ಒಬ್ಬಳೇ ಕೂತು ತಿಂದಳು.

ಸೇಡು ತೀರಿತು ಎಂದುಕೊಂಡಳು, ಹುಚ್ಚಿ! ದೇವಿಯನ್ನು ಕರೆತರುವುದು ಸುಲಭ, ಕಳಿಸಿಕೊಡುವುದು ಯಾರಿಗಾದೀತು? ಗಾದಿಗನೂರು, ಸಂಡೂರು, ಕಂಪ್ಲಿಯಿಂದ ಜನ ಟೆಂಪೊ ಮಾಡಿಕೊಂಡು ಬರತೊಡಗಿದರು. ಬಂದವರು ಕಾಯಿ ಒಡೆದರು; ಕಾಯಿಚೂರಿನ ಆಸೆಗೆ ಹಂಪಿ ಕಡೆಯ ಕೋತಿಗಳು ಬಂದವು; ಕೋತಿಗಳು ಗೂಡು ಹುಡುಕಿ ತತ್ತಿ ಕುಡಿದವು. ಹರಕೆಯ ಅಡಿಗೆಗೆ ಕವಳಿ ಕಂಟಿಗಳು ಒಂದೊಂದಾಗಿ ಒಲೆ ಸೇರಿದವು. ಇನ್ನು ಪಂಪೇಶ್? ಗುಡ್ಡದ ಬುಡದಲ್ಲಿ ಕಾಯಿ-ಕರ್ಪೂರದ ಅಂಗಡಿ ಇಟ್ಟ. ಅತ್ತೆಯನ್ನು ಕಂಡಾಗಲೆಲ್ಲ ಎದ್ದು ನಿಂತು ಕೈ ಮುಗಿಯುತ್ತಿದ್ದ. ಅದನ್ನು ಕಂಡರೆ ಅವಳಿಗೆ ಮೈಯೆಲ್ಲ ಉರಿ.

ಕೊನೆಗೆ ಉಳಿದದ್ದು ಒಂದೇ ಜೋಡಿ ಹಕ್ಕಿ. ಗುಡ್ಡದ ಹಿಂಬದಿಯ ಸಂದಿನಲ್ಲಿ ಉಳಿದಿದ್ದ ಒಂದು ಕಂಟಿಯಲ್ಲಿ ಗೂಡು ಕಟ್ಟಿದವು. ಅವಾದರೂ ಬದುಕಲಿ ಎಂದು ಉಚ್ಚಂಗೆಮ್ಮ ಮತ್ತೊಮ್ಮೆ ಕೂದಲು ಬಿಚ್ಚಿದಳು.

"ನನಗ ನಿಮ್ಮ ಗದ್ದಲ ಬ್ಯಾಡ! ಗುಡ್ಡ ಬಿಟ್ಟು ಇಳೀರಿ ಎಲ್ಲಾರೂ!"

ತಾಯಪ್ಪ ಗಲ್ಲಗಲ್ಲ ಬಡಿದುಕೊಂಡ. "ತಾಯಿ ಮುನಿಸ್ಯಾಳ್ರಪಾ! ಪಾಪ, ಬಿಸಿಲಾಗ ಕುಂತಾಳ, ತಲಿ ಮ್ಯಾಲೆ ನೆರಳಿಲ್ಲ. ಜಲ್ದಿ ಗುಡಿ ಕಟ್ಟಸೋಣು. ಹಿಂದ ರಸ್ತಿ ಹತ್ರ ಐತಿ, ಆ ಸಂದ್ಯಾಗಿಂದ ಮೆಟ್ಲ ಮಾಡಸೋಣು."

ಶುಕ್ರವಾರ ಬೆಳಿಗ್ಗೆ ಜನ ಸಿಮೆಂಟು, ಸುತ್ತಿಗೆ, ಕಲ್ಲು ಕೊರೆಯುವ ಮಷೀನು ಹೊತ್ತು ಅದೇ ಸಂದಿನ ಬಾಯಿಗೆ ಬಂದು ನಿಂತರು. ಉಚ್ಚಂಗೆಮ್ಮ ಕಾಯಿ ಒಡೆದರೆ ಕೆಲಸ ಶುರು. ಮೇಲೆ ಕಂಟಿಯಲ್ಲಿ ಹಕ್ಕಿ ಕಾವಿಗೆ ಕೂತಿತ್ತು. ಅವಳು ತುರುಬು ಬಿಗಿಯಾಗಿ ಕಟ್ಟಿಕೊಂಡು ಎಲ್ಲರ ಮುಂದೆ ನಿಂತಳು.

"ಕೇಳ್ರಿ. ನನ್ನ ಮೈಮ್ಯಾಲೆ ದೇವಿ ಬಂದಾ ಇಲ್ಲ. ಈ ಪಂಪೇಶನ ಮ್ಯಾಲಿನ ಸಿಟ್ಟಿಗೆ ನಾನಾ ಭಂಡಾರ ಬಳದೆ, ನಾನಾ ಒದರಿದೆ. ಬೇಕಂದ್ರ ಚಪ್ಲೀಲೆ ಹೊಡೀರಿ ನನ್ನ. ಆ ಕಂಟಿ ಒಂದು ಮುಟ್ಟಬ್ಯಾಡ್ರಿ, ನಿಮ್ಮ ಕಾಲಿಗೆ ಬೀಳ್ತೀನಿ."

ತಾಯಪ್ಪನ ಕಣ್ಣಲ್ಲಿ ನೀರು ಬಂತು. ಅವನು ಅಲ್ಲೇ ಅವಳ ಕಾಲಿಗೆ ಅಡ್ಡಬಿದ್ದ.

"ನೋಡ್ರಪಾ, ತಾಯಿ ಹೆಂಗ ಪರೀಕ್ಷಾ ಮಾಡ್ತಾಳ! ನಾ ಇಲ್ಲ ಅಂತ ತಾನಾ ಹೇಳ್ತಾಳ!"

ಒಬ್ಬರ ಹಿಂದೆ ಒಬ್ಬರು ಅಡ್ಡಬಿದ್ದರು. ಅವಳು ಬೈದಳು, ಅತ್ತಳು, ಹಣೆ ಹಣೆ ಚಚ್ಚಿಕೊಂಡಳು. ಅವಳು ಅತ್ತಷ್ಟೂ ಜನ ಉಧೋ ಉಧೋ ಎಂದು ಕೂಗಿದರು. ಅಷ್ಟು ಜನರಲ್ಲಿ ಅವಳ ಮಾತನ್ನು ನಂಬಿದವನು ಒಬ್ಬನೇ ಇದ್ದ. ಉಚ್ಚಂಗೆಮ್ಮ ಓಡಿಹೋಗಿ ಅವನ ತೋಳು ಹಿಡಿದುಕೊಂಡಳು.

"ಪಂಪ್ಯಾ, ನಿನಗ ಗೊತ್ತೈತೆಲ್ಲೋ ಖರೇ ಏನಂತ. ನೀನರ ಹೇಳೋ, ನನ್ನಪ್ಪಾ!"

ಪಂಪೇಶ್ ಮೇಲಿನ ಕಂಟಿಯ ಕಡೆ ನೋಡಿದ. ಹಕ್ಕಿ ಅವನಿಗೂ ಕಂಡಿತು. ಆಮೇಲೆ ಅಂಗಡಿಯಿಂದ ತಂದಿದ್ದ ಕಾಯಿಯನ್ನು ಎರಡೂ ಕೈಯಲ್ಲಿ ಹಿಡಿದು, ತಲೆ ಬಾಗಿಸಿ ಅವಳ ಮುಂದೆ ಚಾಚಿದ.

"ಒಡಿ ತಾಯಿ, ಎಲ್ಲಾರೂ ಕಾಯಾಕತ್ಯಾರ" ಅಂದ. ಅತ್ತಿ ಅನ್ನಲಿಲ್ಲ.