ಅಂತೋನಿಯವರ ಎಲುಬು, ಇನ್ನಾಸವ್ವನ ಅನುಮಾನ

ಹಿರೇಬೆಂಡಿಗೇರಿಯ ಇನ್ನಾಸವ್ವನ ಅಜ್ಜ ಚೌರಪ್ಪ ಶಿಗ್ಗಾವಿ ಸೀಮೆಯ ಸಣ್ಣ ಚರ್ಚೊಂದಕ್ಕೆ ಗಾರೆ ಅರೆದು ಗೋಡೆ ಎತ್ತಿದವನು. ಮೆಚ್ಚಿದ ಪಾದ್ರಿ ಕೂಲಿಯ ಜೊತೆಗೆ ಒಂದು ಹಿತ್ತಾಳೆ ಡಬ್ಬಿ ಕೊಟ್ಟರು. ಗಾಜಿನ ಮುಚ್ಚಳದಡಿ ಸಂತ ಅಂತೋನಿಯವರ ಎಲುಬಿನ ಚೂರು, ಸಾಸಿವೆಯಷ್ಟು. ಸುತ್ತ ಕೆಂಪು ದಾರ, ದಾರದ ಮೇಲೆ ಇದು ಅಸಲಿ ಎಂಬ ಬಿಷಪ್ಪರ ಅರಗಿನ ಮುದ್ರೆ. ಅವಳ ಅಪ್ಪ ರಾಯಪ್ಪ ಪ್ಲೇಗಿನ ವರ್ಷ ಜಾತಿ ಕೇಳದೆ ಹೆಣಗಳಿಗೆ ಹೆಗಲು ಕೊಟ್ಟವನು. ಆಗಲೂ ಡಬ್ಬಿ ಅವನ ಎದೆಯ ಮೇಲೆ ಇತ್ತು.

ಇನ್ನಾಸವ್ವ ಕೌದಿ ಹೊಲಿದು ಬದುಕಿದವಳು. ಜೂನ್ ತಿಂಗಳ ಅಂತೋನಿಯವರ ಹಬ್ಬಕ್ಕೆ ಡಬ್ಬಿಯನ್ನು ಚರ್ಚಿಗೆ ಒಯ್ಯುವುದು ಆ ಮನೆತನದ ಹಕ್ಕಾಗಿತ್ತು. ಜನ ಸಾಲಾಗಿ ಬಂದು ಗಾಜಿಗೆ ಮುತ್ತಿಡುತ್ತಿದ್ದರು.

೧೯೭೮ರ ಬೇಸಿಗೆಯಲ್ಲಿ ಊರ ಪಂಚ ಭರಮಪ್ಪನ ಎಮ್ಮೆ ದಿನ ತುಂಬುವ ಮೊದಲೇ ಕಂದು ಹಾಕಿತು. ಕಾಗೆ ಕೂತಿತು, ಟೊಂಗೆ ಮುರಿಯಿತು. ಮನೆಯಲ್ಲಿ ಮನುಷ್ಯರ ಎಲುಬು ಇಟ್ಟವಳು ಮಾಟ ಮಾಡದೆ ಇರುತ್ತಾಳೆಯೇ ಎಂದಿತು ಊರು. ಹೆಂಗಸರು ಕೌದಿಗೆ ಹಳೆ ಸೀರೆ ಕೊಡುವುದನ್ನು ಬಿಟ್ಟರು. ಕೊನೆಗೆ ಭರಮಪ್ಪನೇ ಅವಳ ಬಾಗಿಲಿಗೆ ಬಂದ.

"ಸತ್ತಾವ್ನ ಎಲುಬು ಹೊಳಿಗೆ ಬಿಡ್ತಾರ, ಇನ್ನಾಸವ್ವ. ನೀ ಯಾಕ ಮನ್ಯಾಗ ಇಟ್ಟಿ?"

"ನಿಮ್ಮ ಮಠದ ಅಜ್ಜಾರ ಗದ್ದಿಗಿ ಒಳಗ ಏನೈತ್ರಿ, ಬೆಲ್ಲದ ಪೆಂಟಿ?" ಎಂದಳು ಅವಳು. "ನಾವೂ ಎಲುಬಿಗೆ ಪೂಜಿ ಮಾಡಂಗಿಲ್ಲ. ಪ್ರವಾದಿ ಎಲೀಷನ ಎಲುಬಿಗೆ ತಾಗಿ ಸತ್ತಾವ ಎದ್ದು ನಿಂತ ಅಂತ ಬೈಬಲ್‌ದಾಗ ಐತಿ. ಎಬ್ಬಿಸಿದಾವ ದೇವರು, ಎಲುಬಲ್ಲ."

"ಪುಸ್ತಕ ನಿಂದು, ಎಮ್ಮಿ ನಂದು," ಎಂದು ಭರಮಪ್ಪ ಕೈ ಚಾಚಿದ.

ಕೊಡದಿದ್ದರೆ ಅನುಮಾನ ಗಟ್ಟಿಯಾದೀತೆಂದು ಕೊಟ್ಟಳು. ಊರ ಕಟ್ಟೆಯ ಮೇಲೆ ಅವನು ಮುದ್ರೆ ಒಡೆದು, ದಾರ ಕೊಯ್ದು ಗಾಜು ಎಬ್ಬಿಸಿದ. ಮಂತ್ರದ ತಗಡು ಸಿಗಲಿಲ್ಲ. ಕೈಯಿಂದ ಕೈಗೆ ದಾಟುವಾಗ ಚೂರು ಜಾರಿ ಮಣ್ಣಿಗೆ ಬಿತ್ತು. ಎಲ್ಲರೂ ಬಗ್ಗಿ ಹುಡುಕಿದರು. ಬೆಳ್ಳಗೆ ಕಂಡದ್ದೊಂದನ್ನು ಭರಮಪ್ಪ ಕಡ್ಡಿಯಿಂದ ಎತ್ತಿಟ್ಟು ಡಬ್ಬಿ ಮರಳಿಸಿದ. ಊರಿನ ಅನುಮಾನ ತೀರಿತು. ಸೀರೆಗಳೂ ಬಂದವು.

ಇನ್ನಾಸವ್ವನ ಅನುಮಾನ ಮಾತ್ರ ಅಂದೇ ಶುರುವಾಯಿತು. ಡಬ್ಬಿಯನ್ನು ಬಿಸಿಲಿಗೆ ಹಿಡಿದು ನೋಡುವಳು: ಎಲುಬೋ, ಸುಣ್ಣದ ಹರಳೋ? ಹಬ್ಬ ಹತ್ತಿರವಾಯಿತು. ಮುದ್ರೆ ಒಡೆದದ್ದನ್ನು ಜನರ ಮುಂದೆ ಇಡುವಂತಿಲ್ಲ, ಒಳಗಿರುವುದು ಅದೇ ಎಲುಬೆಂದು ಕಂಡವರು ಯಾರಾದರೂ ಸಾಕ್ಷಿ ಹೇಳಿದರೆ ಹೊಸ ಮುದ್ರೆಗೆ ಬಿಷಪ್ಪರನ್ನು ಕೇಳಿ ನೋಡಬಹುದು ಎಂದರು ಈಗಿನ ಪಾದ್ರಿ. ಅದನ್ನು ಕೇಳಿದ ಭರಮಪ್ಪ ತಲೆ ತಗ್ಗಿಸಿ ಮತ್ತೆ ಬಂದ.

"ಅದ ಎಲುಬು ಅಂತ ನಾ ಬಂದು ಆಣಿ ಮಾಡ್ತೇನಿ. ಮತ್ತ ಮುದ್ರಿ ಹಾಕಸೂಣು."

"ಬ್ಯಾಡ್ರಿ ಭರಮಪ್ಪ. ಯಾವುದು ಎತ್ತಿಟ್ರಿ ಅಂತ ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಗೊತ್ತಿಲ್ಲದ್ದಕ್ಕ ಮಂದಿ ಕಡಿಂದ ಮುತ್ತು ಕೊಡಸಂಗಿಲ್ಲ ನಾ. ಈ ಹಬ್ಬಕ್ಕ ಬೈಬಲ್ ಒಯ್ತೇನಿ. ಅದರಾಗಿನ ಒಂದಕ್ಷರಾನೂ ನಿಮ್ಮ ಕೈಯಾಗಿಂದ ಕೆಳಗ ಬಿದ್ದಿಲ್ಲ."