ಸಿಗ್ನಲ್ ಇತ್ತು, ಅತ್ತೆ

ಆ ದಿನ ಸಿಗ್ನಲ್ ಇತ್ತು, ಅತ್ತೆ. ಇರಲಿಲ್ಲವೆಂದು ನಾನು ಹೇಳಿದ್ದು ಸುಳ್ಳು. ಮೂರು ವರ್ಷಗಳಿಂದ ನೀವು ಎಲ್ಲರ ಮುಂದೆ ನನ್ನ ಪರವಾಗಿ ಹೇಳುತ್ತಾ ಬಂದಿದ್ದು ಆ ಸುಳ್ಳನ್ನೇ.

ಕ್ಯಾಂಪರ್ ವ್ಯಾನ್ ನನ್ನ ಹುಚ್ಚು, ನಿಮಗೆ ಗೊತ್ತೇ ಇದೆ. ದಿನವಿಡೀ ಡಿಯರ್‌ಬಾರ್ನ್‌ನ ಕಾರು ಕಾರ್ಖಾನೆಯಲ್ಲಿ ಬೇರೆಯವರು ಓಡಿಸುವ ಗಾಡಿಗಳನ್ನು ಪರೀಕ್ಷಿಸುವವನಿಗೆ ಒಮ್ಮೆಯಾದರೂ ಅಂಥದೊಂದರಲ್ಲಿ ಮಲಗಿ ಏಳುವ ಆಸೆ; ಆ ವಾರಾಂತ್ಯಕ್ಕೆ ಬಾಡಿಗೆಗೆ ತಂದಿದ್ದೆ. ನಿಮ್ಮ ಮಗಳು ಸ್ಮಿತಾಗೆ ಆಸ್ಪತ್ರೆ ಕೆಲಸದಿಂದ ರಜೆ ಸಿಕ್ಕಿದ್ದೇ ಹೆಚ್ಚು. ಕರೆಗಳ ಕಾಟ ಬೇಡವೆಂದು ಫೋನನ್ನು ಕ್ಯಾಂಟನ್‌ನ ನಮ್ಮ ಮನೆಯಲ್ಲೇ ಬಿಟ್ಟು ಬಂದಿದ್ದಳು. ನಮ್ಮನ್ನು ನೋಡಲು ಬಂದಿದ್ದ ನಿಮ್ಮ ಫೋನಿನಲ್ಲಿದ್ದದ್ದು ಇಲ್ಲಿ ನಡೆಯದ ಮೈಸೂರಿನ ಸಿಮ್. ನನ್ನ ಹಾಟ್‌ಸ್ಪಾಟ್ ಇದ್ದರೆ ಅದು ಫೋನು, ಇಲ್ಲದಿದ್ದರೆ ಬರೀ ಕ್ಯಾಮೆರಾ. ಅಂದರೆ — ಮೂವರಿಗೂ ಹೊರಜಗತ್ತು ನನ್ನ ಜೇಬಿನಲ್ಲಿತ್ತು.

ಶನಿವಾರ ಬೆಳಿಗ್ಗೆ ಹ್ಯೂರನ್ ಸರೋವರದ ದಡ ಹಿಡಿದು ಉತ್ತರಕ್ಕೆ ಹೊರಟಿದ್ದೆವು. ಬಲಕ್ಕೆ ನೀರು, ಎಡಕ್ಕೆ ಕಣ್ಣು ಹಾಯುವವರೆಗೂ ಸಕ್ಕರೆ ಬೀಟ್‌ ಹೊಲ. ಒಂದು ದಿಬ್ಬವಿಲ್ಲ, ತಿರುವಿಲ್ಲ. ಪೆಟ್ರೋಲ್ ಬಂಕಿನಲ್ಲಿ ನಿಂತಾಗ ನಿಮ್ಮ ಅಕ್ಕನ ಮಗ ಗಿರಿಯ ಮೆಸೇಜ್ ನೋಡಿದೆ. “ಭಾವ, ಅಮ್ಮನ್ನ ಐಸಿಯುಗೆ ಹಾಕಿದಾರೆ. ಚಿಕ್ಕಮ್ಮನ ಹತ್ರ ಮಾತಾಡ್ಬೇಕು ಅಂತಿದಾರೆ. ಒಂದು ವಿಡಿಯೋ ಕಾಲ್ ಮಾಡ್ಸಿ.”

ಓದಿದೆ. ಹಾಟ್‌ಸ್ಪಾಟ್ ಆಫ್ ಮಾಡಿದೆ.

ಯಾಕೆ? ನೀವು ಅಳುತ್ತೀರಿ, ವ್ಯಾನ್ ತಿರುಗಿಸಬೇಕಾಗುತ್ತದೆ, ರಜೆ ಹಾಳಾಗುತ್ತದೆ — ಇಷ್ಟೇ ಹೊಳೆದದ್ದು. ಭಾನುವಾರ ಮನೆಗೆ ಹೋಗಿ ಮಾತಾಡಿಸಿದರಾಯಿತು ಎಂದುಕೊಂಡೆ. ಆಗಲೇ ನೀವು ಹಿಂದಿನ ಸೀಟಿನಿಂದ ಕೇಳಿದಿರಿ: “ಪ್ರಸಾದ್ ಅವ್ರೇ, ನೆಟ್ ಬರ್ತಿದ್ಯಾ? ಅಕ್ಕಂಗೆ ಈ ನೀರು ತೋರಿಸ್ಬೇಕು. ಪಾಪ, ಹುಷಾರಿಲ್ದೆ ಮಲಗಿದಾಳೆ, ಅವಳು ಸಮುದ್ರಾನೂ ನೋಡಿಲ್ಲ.”

“ಇಲ್ಲಿ ಸಿಗ್ನಲ್ ಇಲ್ಲ ಅತ್ತೆ. ಮನೆಗೆ ಹೋದ್ಮೇಲೆ ಮಾಡೋಣ.”

ಆಮೇಲೆ ದಾರಿಯುದ್ದಕ್ಕೂ ಕನ್ನಡಿಯಲ್ಲಿ ನಿಮ್ಮದೇ ಮುಖ. ಫೋನನ್ನು ಕಿಟಕಿಗೆ ಒತ್ತಿ ಹಿಡಿಯುತ್ತಿದ್ದಿರಿ, ಗಾಜಿನ ಆಚೆ ಎಲ್ಲೋ ಸಿಗ್ನಲ್ ಓಡಾಡುತ್ತಿರುವ ಹಾಗೆ. ಇಳಿದು ಹೋಗೋಣವೆಂದರೆ ಓಡಿಸುವವನು ನಾನೇ. ನಿಜ ಹೇಳೋಣವೆಂದರೆ, ಇಷ್ಟು ಹೊತ್ತು ಯಾಕೆ ಹೇಳಲಿಲ್ಲ ಎಂಬ ಪ್ರಶ್ನೆ. ಪ್ರತಿ ಮೈಲಿಗೂ ಹೇಳುವುದು ಕಷ್ಟವಾಗುತ್ತಾ ಹೋಯಿತು — ಮತ್ತು ನಾನು ಓಡಿಸುತ್ತಾ ಹೋದೆ.

ಮರುದಿನ ಬೆಳಿಗ್ಗೆ ಎರಡನೆಯ ಮೆಸೇಜ್ ಬಂತು. ಅಕ್ಕ ಹೋಗಿಬಿಟ್ಟಿದ್ದರು.

ಸಾವಿನ ಸುದ್ದಿ ಕಿವಿಗೆ ಬಿದ್ದ ಕೂಡಲೇ ತಲೆಗೆ ನೀರು ಹಾಕಿಕೊಳ್ಳುವವರು ನೀವು. ಅಂಥ ನಿಮ್ಮನ್ನು ನಾನು ಸುಮ್ಮನೆ ನೋಡುತ್ತಾ ನಿಂತೆ. ವ್ಯಾನಿನ ಪುಟ್ಟ ಕಟ್ಟೆಯ ಮೇಲೆ ಸ್ಟೀಲ್ ಲೋಟದೊಳಗೆ ಹಣತೆ ಇಟ್ಟು ಹಚ್ಚಿದಿರಿ. ಅಕ್ಕನ ಹೆಸರು, ನಕ್ಷತ್ರ ಹೇಳಿ, ಬೇಗ ಹುಷಾರಾಗಲಿ ಎಂದು ಬೇಡಿಕೊಂಡಿರಿ. ನನ್ನ ಅಂಗೈಗೂ ಒಂದು ಕಲ್ಲುಸಕ್ಕರೆ ಹಾಕಿದಿರಿ. ತಿಂದೆ.

ಸಂಜೆ ಮನೆಗೆ ಬಂದು, ಆಗಷ್ಟೇ ನೋಡಿದವನಂತೆ ಫೋನ್ ಹಿಡಿದು ನಿಂತೆ. ನೀವು ಸ್ನಾನ ಮಾಡಿ ಬಂದು ಅತ್ತಿರಿ. ಅಳುವಿನ ನಡುವೆ ನೀವು ಬೈದುಕೊಂಡದ್ದು ನಿಮ್ಮನ್ನೇ: “ಬೆಳಿಗ್ಗೆ ದೀಪ ಬೇರೆ ಹಚ್ಬಿಟ್ಟೆನಲ್ಲಾ, ನಂಗೆ ಒಳಗಿಂದ ಗೊತ್ತಾಗ್ಬಾರ್ದಿತ್ತಾ?”

ಆಗಲಾದರೂ ಬಾಯಿ ಬಿಡಬಹುದಿತ್ತು...

ಆಮೇಲೆ ಮೈಸೂರಿಗೆ ಹೋದಾಗ ಗಿರಿಯ ಎದುರು ನೀವೇ ಹೇಳಿದಿರಿ: “ಪ್ರಸಾದ್ ಅವ್ರ ತಪ್ಪೇನಿಲ್ಲಪ್ಪ, ಅಲ್ಲಿ ಸಿಗ್ನಲ್ಲೇ ಇರ್ಲಿಲ್ಲ.” ಗಿರಿ ನನ್ನನ್ನು ನೋಡಿದ. ನಾನು ಮೆಸೇಜ್ ಓದಿದ್ದೆ ಎಂದು ಎರಡು ನೀಲಿ ಟಿಕ್ ಅವನಿಗೆ ಎಂದೋ ತೋರಿಸಿದ್ದವು. ಅವನು ಕಾಫಿ ತರಲು ಒಳಗೆ ಹೋದ. ಅವನ ಅಮ್ಮ ಕೊನೆಗೆ ಕೇಳಿದ್ದು ಒಂದೇ ಒಂದು, ಅದನ್ನೂ ಕಿತ್ತುಕೊಂಡವನಿಗೆ ಅವನು ಸಕ್ಕರೆ ಎಷ್ಟು ಎಂದು ಕೇಳಿದ.

ಕ್ಷಮಿಸಿ ಎನ್ನಲು ನನಗೆ ಮುಖವಿಲ್ಲ. ಕ್ಷಮಿಸಿದರೂ ಆ ಕರೆ ಮತ್ತೆ ಬರುವುದಿಲ್ಲ.

ಈ ಸಲ ನೀವು ಬಂದಿಳಿದ ಮರುದಿನವೇ ನಿಮ್ಮ ಫೋನಿಗೆ ಇಲ್ಲಿಯ ಸಿಮ್ ಹಾಕಿಸಿದೆ. “ಯಾಕೆ ಸುಮ್ನೆ? ನೀವು ಜೊತೇಲೇ ಇರ್ತೀರಲ್ಲ” ಅಂದಿರಿ. ನಾನು ನಕ್ಕು ಜಾರಿಕೊಂಡೆ. ಈಗ ನೀವು ಅಡುಗೆಮನೆಯಲ್ಲಿ ಸ್ಮಿತಾ ಜೊತೆ ಹುರುಳಿಕಾಯಿಯ ನಾರು ಬಿಡಿಸುತ್ತಾ ಕುಳಿತಿದ್ದೀರಿ. ಇಬ್ಬರ ಎದುರಿಗೂ ಬಂದು ಕೂರುತ್ತೇನೆ — ಆ ಸಿಮ್ ಯಾಕೆಂದು ಹೇಳುತ್ತೇನೆ.