ಬ್ಯಾಟರಿಯ ಕೆಂಪು ಬೆಳಕು

ಅಂದು ಬೆಳಿಗ್ಗೆ ನಾನು ರೊಟ್ಟಿ ಬಡಿಯುತ್ತಿದ್ದಾಗ ಊಟದ ಮೇಜಿನ ಮೇಲೆ ಮಗಳ ಲ್ಯಾಪ್‌ಟಾಪ್ ಗುಂಯ್‌ಗುಡುತ್ತಲೇ ಇತ್ತು. ಹಿಂದಿನ ಸಂಜೆ ಹಚ್ಚಿಬಿಟ್ಟ ಲೆಕ್ಕ ಇನ್ನೂ ಮುಗಿದಿರಲಿಲ್ಲ. ಅದರ ಬಿಸಿಗೆ ಮೇಜಿನ ಪ್ಲಾಸ್ಟಿಕ್ ಹೊದಿಕೆ ಮೆತ್ತಗಾಗುತ್ತದೆಂದು ಕೆಳಗೊಂದು ಸ್ಟೀಲ್ ತಾಟು ಬೋರಲು ಹಾಕಿಟ್ಟಿದ್ದೆ. ನಮ್ಮನೆಯವರು ಡಬ್ಬಿ ಹಿಡಿದು ಬಬಲೇಶ್ವರದ ಬಸ್ಸಿಗೆ ಹೋದರು. ಅವರು ಪಾಠ ಹೇಳುವ ಸಾಲಿ ಅಲ್ಲಿ.

ಮಗಳು ಭೌತಶಾಸ್ತ್ರದಲ್ಲಿ ಸಂಶೋಧನೆ ಮಾಡುತ್ತಾಳೆ. ಮೈಯೊಳಗೆ ಹೊಕ್ಕ ಬೆಳಕು ಹೇಗೆ ಚದುರುತ್ತದೆ ಎಂಬುದನ್ನು ಕಂಪ್ಯೂಟರಿನಲ್ಲಿ ಕಟ್ಟಿ ನೋಡುವ ಕೆಲಸ. ನನಗೆ ತಿಳಿದದ್ದು ಇಷ್ಟು: ಅವಳು ಬೆಳಕಿನ ಒಂದೊಂದೇ ಕಣವನ್ನು ಸುಳ್ಳು ಮಾಂಸದೊಳಗೆ ಬಿಡುತ್ತಾಳೆ, ಮುಂದೆ ಅದು ಎತ್ತ ತಿರುಗಬೇಕು ಎಂಬುದನ್ನು ಯಂತ್ರ ಪಗಡೆ ಹಾಕಿದ ಹಾಗೆ ಪ್ರತಿ ಹೆಜ್ಜೆಗೂ ನಿರ್ಧರಿಸುತ್ತದೆ. ಕೆಲವು ಒಳಗೇ ಆರಿಹೋಗುತ್ತವೆ, ಕೆಲವು ಅಲೆದಲೆದು ಹೊರಗೆ ಬರುತ್ತವೆ. ನಾನು ಕಲಿತ ಕಾನ್ವೆಂಟಿನಲ್ಲಿ ಸಿಸ್ಟರ್ ನಮ್ಮಿಂದ ಬೆಳಕಿನ ಗೆರೆಯನ್ನು ಸ್ಕೇಲು ಹಿಡಿದು ನೆಟ್ಟಗೆ ಎಳೆಸುತ್ತಿದ್ದರು. ಈಗ ಮಗಳ ಪರದೆಯ ಮೇಲೆ ಅದೇ ಬೆಳಕು ಸಿಕ್ಕು ಬಿದ್ದ ನೂಲಿನಂತೆ ಕಾಣುತ್ತದೆ.

ಹತ್ತು ಗಂಟೆಯ ಚಹಾದ ಹೊತ್ತಿಗೆ ನಾದಿನಿ ಬಂದಳು, ನಮ್ಮನೆಯವರ ತಂಗಿ. ಅವಳನ್ನು ಕೊಟ್ಟದ್ದು ಘೋಣಸಗಿಗೆ. ಪ್ಯಾಟಿಯಲ್ಲಿ ಅವಳಿಗೆ ಸೀರೆಯ ಕೆಲಸವಿತ್ತು. ಜ್ವಾಳದ ಹೊಟ್ಟಿನಲ್ಲಿ ಹೂತು ಜವಾರಿ ತತ್ತಿ ತಂದಿದ್ದಳು. ತಿಕೋಟಾದ ದಾರಿಯ ಕುಲುಕಾಟಕ್ಕೂ ಒಂದೂ ಒಡೆದಿರಲಿಲ್ಲ. ಆದರೆ ಕುಳಿತಾಗ ಎಡಗೈಯನ್ನು ಮೈಗೆ ಒತ್ತಿಕೊಂಡೇ ಇದ್ದಳು. ಚೀಲ ಇಳಿಸುವಾಗಲೂ ಆ ಕೈ ಎತ್ತಲಿಲ್ಲ. ಏನಾಗಿದೆ ಎಂದು ಕೇಳಿದೆ. ಎದೆಯಲ್ಲೊಂದು ಗಂಟು, ದ್ರಾಕ್ಷಿ ಕೊಯ್ಲಿಗೂ ಮೊದಲಿನಿಂದ ಇದೆ ಎಂದಳು, ಕಾಲಿನ ಆಣಿಯ ಮಾತು ಹೇಳಿದ ಹಾಗೆ. ಡಾಕ್ಟರಿಗೆ ತೋರಿಸಿರಲಿಲ್ಲ.

"ನಾನ ನೋಡ್ಕೊಂಡೇನಿ ವೈನಿ. ಒಳಗೇನೂ ಇಲ್ಲ."

ಅವರ ಓಣಿಯಲ್ಲಿ ಕೋಳಿ ಕಾವಿಗೆ ಕೂತರೆ ತತ್ತಿ ನೋಡಲು ಇವಳನ್ನೇ ಕರೆಯುತ್ತಾರೆ. ಕತ್ತಲೆಯ ಕೋಣೆಯಲ್ಲಿ ತತ್ತಿಯನ್ನು ಮುಷ್ಟಿಯಲ್ಲಿ ಹಿಡಿದು ಕೆಳಗಿನಿಂದ ಬ್ಯಾಟರಿಯ ಬೆಳಕು ಬಿಡುತ್ತಾಳೆ. ಕಪ್ಪಗೆ ಕಂಡರೆ ಒಳಗೆ ಮರಿ ಇದೆ, ತಿಳಿಯಾಗಿ ಹೊಳೆದರೆ ಬರಿದು. ಹಾಗೆಯೇ ಒಂದು ದಿನ ಕಾಳಿನ ಕೋಣೆಯ ಬಾಗಿಲು ಹಾಕಿಕೊಂಡು ಬ್ಯಾಟರಿಯನ್ನು ತನ್ನ ಎದೆಗೇ ಒತ್ತಿ ನೋಡಿದ್ದಾಳೆ. ಎಲ್ಲ ಕೆಂಪಗೆ, ಕಂದೀಲಿನ ಹಾಗೆ. ಎಲ್ಲೂ ಕಪ್ಪಿಲ್ಲ. ಅಷ್ಟಕ್ಕೆ ಮನಸ್ಸು ನಿರಾಳವಾಗಿದೆ.

"ನೀ ದೊಡ್ಡ ಸಾಲಿ ಕಲ್ತು ಮಾಡೂದನ್ನ ನಾ ಪುಕ್ಕಟ ಮಾಡೇನಿ ನೋಡ ಬೇ," ಎಂದು ಮಗಳನ್ನು ಕಾಡಿದಳು.

ಮಗಳು ನಗಲಿಲ್ಲ. ಲ್ಯಾಪ್‌ಟಾಪನ್ನು ಅತ್ತೆಯ ಕಡೆ ತಿರುಗಿಸಿ ಹಳೆಯ ಎರಡು ಚಿತ್ರ ತೆರೆದಳು. ಎರಡರಲ್ಲೂ ಅದೇ ಕೆಂಪು, ನಡುವೆ ಹಳದಿ, ಅಂಚು ಮಸುಕು.

"ಒಂದರಾಗ ನಾನ ಗಂಟು ಇಟ್ಟೀನಿ ಅತ್ತಿ. ಇನ್ನೊಂದರಾಗ ಇಲ್ಲ. ಯಾವುದರಾಗ ಐತಿ ಹೇಳು."

ನಾದಿನಿ ಸೆರಗಿನಿಂದ ಚಾಳೀಸು ಒರೆಸಿ ಹಾಕಿಕೊಂಡಳು. ತತ್ತಿ ನೋಡುವವಳ ಗತ್ತಿನಲ್ಲಿ ಬಹಳ ಹೊತ್ತು ನೋಡಿದಳು. ಆಮೇಲೆ ಒಂದರ ಮೇಲೆ ಬೆರಳಿಟ್ಟಳು. ಬೆರಳು ನಿಧಾನವಾಗಿ ಇನ್ನೊಂದರ ಕಡೆ ಸರಿಯಿತು, ಅಲ್ಲಿಯೂ ನಿಲ್ಲಲಿಲ್ಲ.

ತತ್ತಿಯ ಒಳಗಿನದು ನೀರಿದ್ದಂತೆ, ಬೆಳಕು ದಾಟಿಹೋಗುತ್ತದೆ. ಮಾಂಸ ಹಾಲಿದ್ದಂತೆ, ಬೆಳಕಿಗೆ ದಾರಿ ತಪ್ಪುತ್ತದೆ, ಸುತ್ತ ಚದುರಿ ಗಂಟನ್ನೂ ಮುಚ್ಚಿಬಿಡುತ್ತದೆ ಎಂದು ಮಗಳು ಬಿಡಿಸಿ ಹೇಳಿದಳು. ಕಾಣಲಿಲ್ಲ ಎಂದರೆ ಇಲ್ಲ ಎಂದಲ್ಲ. ನಾದಿನಿಯ ಮುಖದ ಬಣ್ಣ ಇಳಿಯಿತು. ಚಹಾ ಹಾಗೇ ಕೆನೆಗಟ್ಟಿತು.

ಆಗಲೇ ಆಟೋ ಹಿಡಿದು ಲೇಡಿ ಡಾಕ್ಟರ ಹತ್ತಿರ ಕರೆದೊಯ್ದೆವು. ಅವರು ಎದೆ ಮುಟ್ಟಿ ನೋಡಿದರು, ಕಂಕುಳು ಒತ್ತಿ ನೋಡಿದರು. ಯಾವಾಗಿನಿಂದ ಎಂದು ಕೇಳಿದರು, ಸ್ವಲ್ಪ ತಡೆದು ಅದನ್ನೇ ಮತ್ತೆ ಕೇಳಿದರು. ಸೂಜಿ ಹಾಕಿ ಪರೀಕ್ಷೆ ಮಾಡಬೇಕು, ಸೋಮವಾರ ಯಜಮಾನರನ್ನೂ ಕರೆದುಕೊಂಡು ಬರ್ರಿ ಎಂದರು. ಕೈ ತೊಳೆಯುತ್ತ, ನಮ್ಮ ಕಡೆ ತಿರುಗದೆ, ಇನ್ನೂ ಮೊದಲೇ ಬರಬೇಕಿತ್ತು ಎಂದರು.

ಬರುವಾಗ ಆಟೋದಲ್ಲಿ ನಾದಿನಿ ಮಗಳ ಕೈ ಹಿಡಿದುಕೊಂಡಳು.

"ನಿನ್ನ ಕಂಪ್ಯೂಟರಿನಾಗ ನಂದೊಮ್ಮಿ ಹಾಕಿ ನೋಡಬೇ."

"ಅದು ಬರೇ ಲೆಕ್ಕ ಅತ್ತಿ," ಎಂದಳು ಮಗಳು. "ಅದರಾಗ ನೀ ಇಲ್ಲ."

ನಾದಿನಿ ಕೈ ಬಿಡಲಿಲ್ಲ. ಮಗಳು ರಸ್ತೆಯ ಕಡೆ ಮುಖ ಮಾಡಿ ಕೂತಳು. ಅವಳ ಕಿವಿಯ ತುದಿ ಕೆಂಪಾಗಿತ್ತು.

ಉಳಿದುಕೋ ಎಂದು ಎಷ್ಟು ಹೇಳಿದರೂ ನಾದಿನಿ ಕೇಳಲಿಲ್ಲ. ಸೋಮವಾರದವರೆಗೆ ತನ್ನ ಮನೆಯಲ್ಲೇ ಇರುತ್ತೇನೆ, ಗಂಡನಿಗೆ ಈ ಮಾತು ಫೋನಿನಲ್ಲಿ ಹೇಳಲಾಗುವುದಿಲ್ಲ ಎಂದಳು. ಸೀರೆಯ ಕೆಲಸ ಹಾಗೇ ಉಳಿಯಿತು. ಬಸ್ಸು ಹತ್ತುವಾಗ ಬಲಗೈಯಿಂದ ಮಾತ್ರ ಕಂಬಿ ಹಿಡಿದಳು. ಕಿಟಕಿಯಲ್ಲಿ ಕೂತ ಮೇಲೆ ಸೆರಗನ್ನು ಎದೆಯ ಮೇಲೆ ಎರಡು ಸುತ್ತು ಎಳೆದುಕೊಂಡಳು, ಆ ಸೆಕೆಯಲ್ಲಿ.

ನಾವಿಬ್ಬರೂ ಮನೆಗೆ ಬಂದು ಗೇಟು ತೆಗೆಯುವಾಗ ಪಕ್ಕದ ಮನೆಯಾಕೆ ಮಾಳಿಗೆಯ ಮೇಲೆ ಒಣಗಿದ ಬಟ್ಟೆ ತೆಗೆಯುತ್ತಿದ್ದರು. ಬಾಯಲ್ಲಿದ್ದ ಕ್ಲಿಪ್ಪು ತೆಗೆದು ಅಲ್ಲಿಂದಲೇ ಕೇಳಿದರು:

"ನಾದಿನಿಯವರನ್ನ ಇಷ್ಟ ಲಗೂ ಯಾಕ ಕಳಿಸಿದ್ರಿ? ಇನ್ನ ನಾಕ ದಿನ ಇಟ್ಕೋಬೇಕಿತ್ತಲ್ರಿ."